ಬಿ.ಎ.ಗೆ ಧರ್ಮಾಧ್ಯಯನದ ಪತ್ರಿಕೆ ಬೇಕು

ಸಂಪಾದಕರಿಗೆ,

ಮಾನ್ಯರೆ,

ದೈವಶಾಸ್ತ್ರ, ಅಂದರೆ ಧರ್ಮದ ಗ್ರಂಥ, ಸಿದ್ಧಾಂತ, ಆಚರಣೆಗಳ ಅಧ್ಯಯನ, ಏನಿದ್ದರೂ ಮಠ, ಮದರಸಾ, ಸೆಮಿನರಿಗಳ ಒಳಗಿನ ವಿಷಯ, ಸರ್ಕಾರಿ ಕಾಲೇಜಿಗೆ ಅದರ ಗೊಡವೆ ಯಾಕೆ ಎನ್ನುವವರಿದ್ದಾರೆ. ಆದರೆ ಅದು ಹೊಸ್ತಿಲು ದಾಟಿ ಬಹಳ ಕಾಲವಾಯಿತು. ಸುಪ್ರೀಂ ಕೋರ್ಟಿನ 1954ರ ಶಿರೂರು ಮಠದ ಪ್ರಕರಣದಿಂದೀಚೆಗೆ, ಯಾವ ಆಚರಣೆ ಧರ್ಮಕ್ಕೆ ಅತ್ಯಗತ್ಯ, ಯಾವುದಲ್ಲ ಎಂದು ನ್ಯಾಯಾಲಯಗಳೇ ತೂಗುತ್ತಿವೆ. 2022ರ ಹಿಜಾಬ್ ತೀರ್ಪಿನಲ್ಲಿ ಹೈಕೋರ್ಟ್ ಎತ್ತಿಕೊಂಡ ಮೊದಲ ಪ್ರಶ್ನೆಯೂ ಅದೇ. ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆಯನ್ನು ನ್ಯಾ. ನಾಗಮೋಹನದಾಸ್ ಸಮಿತಿ ಪರಿಶೀಲಿಸಿ 2018ರಲ್ಲಿ ವರದಿ ಕೊಟ್ಟಿತು. ನಮ್ಮ ಆನೆಗೊಂದಿಯ ನವಬೃಂದಾವನದಲ್ಲಿ, ಅಂದರೆ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವಲ್ಲಿ, ಪೂಜೆಯ ತಕರಾರೂ ಹೈಕೋರ್ಟ್ ಮೆಟ್ಟಿಲು ಹತ್ತಿದೆ. ಇಲ್ಲೆಲ್ಲ ಗ್ರಂಥ, ಶಾಸನಗಳ ಸಾಕ್ಷ್ಯ ನೋಡಿ ಹೇಳಬಲ್ಲವರು ಬೇಕು. ಅವರು ತಯಾರಾಗುವುದು ಎಲ್ಲಿ?

ಶಾಸ್ತ್ರವಾಗಿ ಓದುವಾಗ ಈ ವಿಷಯಕ್ಕೆ ಸ್ಥೂಲವಾಗಿ ನಾಲ್ಕು ಕವಲು: ಗ್ರಂಥದ ಪಾಠಶೋಧನೆ (ಪ್ರತಿಗಳನ್ನು ಹೋಲಿಸಿ ಮೂಲರೂಪ ಹುಡುಕುವುದು), ಚರಿತ್ರೆ, ಸಿದ್ಧಾಂತ, ಆಮೇಲೆ ಪೂಜೆ, ಪ್ರವಚನ, ಸಾಂತ್ವನದಂಥ ಆಚರಣೆಯ ಭಾಗ. ಸೆರಾಂಪುರದ ಕ್ರೈಸ್ತ ದೈವಶಾಸ್ತ್ರದ ಬಿ.ಡಿ. ಪದವಿಯಲ್ಲಿ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಚರಿತ್ರೆ, ಸಿದ್ಧಾಂತ ಬೇರೆ ಬೇರೆ ವಿಭಾಗಗಳು. ಇಸ್ಲಾಮಿನಲ್ಲಿ ತಫ್ಸೀರ್ (ಕುರ್‌ಆನ್ ವ್ಯಾಖ್ಯಾನ), ಹದೀಸ್ (ಪ್ರವಾದಿಯ ನಡೆನುಡಿಗಳ ವರದಿ), ಫಿಕ್ಹ್ (ಧರ್ಮಶಾಸ್ತ್ರದ ಕಾನೂನು), ಕಲಾಂ (ಸಿದ್ಧಾಂತ ಚರ್ಚೆ) ಎಂದು ಇನ್ನೊಂದು ಬಗೆಯ ವಿಂಗಡಣೆ. ಹೊರಗೆ ನಡೆಯುವ ಜಗಳಗಳಲ್ಲಿ ಒಂದು ಕವಲಿನ ಪ್ರಶ್ನೆಗೆ ಇನ್ನೊಂದು ಕವಲಿನಿಂದ ಉತ್ತರ ಕೊಡುವುದೇ ಹೆಚ್ಚು. ‘ದಾಸರ ಈ ಹಾಡು ಬರೆದದ್ದು ಯಾರು?’ ಎಂದು ಕೇಳಿದರೆ ದಾಸರ ಮಹಿಮೆ ಹೇಳುತ್ತಾರೆ!

ರಾಯಚೂರು ಜಿಲ್ಲೆಯ ದಾಸಸಾಹಿತ್ಯವನ್ನೇ ನೋಡಿ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಎಲ್ಲ ಇಲ್ಲಿಯವರೇ. ಅಂಕಿತ, ಅಂದರೆ ಹಾಡಿನ ಕೊನೆಯಲ್ಲಿ ಬರುವ ಕವಿಯ ಗುರುತಿನ ಹೆಸರು, ನೋಡಿದರೆ ಕರ್ತೃ ಸಿಕ್ಕಂತೆ ಎಂದು ಹಲವರ ತಿಳಿವಳಿಕೆ. ಸಾಲದು. ಬಾಯಿಂದ ಬಾಯಿಗೆ ಬರುವಾಗ ಅಂಕಿತವೂ ಅದಲುಬದಲಾಗುತ್ತದೆ, ಹೆಚ್ಚು ಹೆಸರಾದವರದು ಬಂದು ಕೂರುತ್ತದೆ. ಜಗನ್ನಾಥದಾಸರ ಹರಿಕಥಾಮೃತಸಾರ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿರುವುದರಿಂದ ಪರೀಕ್ಷೆ ಸ್ವಲ್ಪ ಸುಲಭ. 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯದಕ್ಕೆ 23, ಜೊತೆಗೆ ಎರಡನೇ ಅಕ್ಷರದ ಪ್ರಾಸ. ಅಚ್ಚಿನಲ್ಲಿ 14ರ ಜಾಗದಲ್ಲಿ 15 ಮಾತ್ರೆ ಬಂದರೆ, ‘ಜನಕ್ಕೆ ಅರ್ಥವಾಗಲಿ’ ಎಂದು ಯಾರೋ ಹಳೆಯ ರೂಪವನ್ನು ತಿದ್ದಿರಬಹುದು, ಇಲ್ಲವೇ ಅಚ್ಚಿನ ಮೊಳೆ ಜೋಡಿಸುವಾಗ ತಪ್ಪಿರಬಹುದು. ಆಗ ಹಸ್ತಪ್ರತಿ ನೋಡಲೇಬೇಕು. ಬಿಡಿ ಕೀರ್ತನೆಗಳಿಗೆ ಇಷ್ಟು ಬಿಗಿಯಿಲ್ಲ. ಅವುಗಳಿಗೆ ಬೇರೆ ಬೇರೆ ಊರಿನ, ಒಂದನ್ನೊಂದು ನೋಡಿ ಬರೆಯದ ಪ್ರತಿಗಳು ಬೇಕು. ಒಂದೇ ತಪ್ಪನ್ನು ಹೊತ್ತ ಹತ್ತು ಪ್ರತಿ ಒಂದೇ ಮೂಲದಿಂದ ಇಳಿದವಾದರೆ ಹತ್ತು ಸಾಕ್ಷಿ ಅನ್ನಿಸಿಕೊಳ್ಳುವುದಿಲ್ಲ. ಹದೀಸ್ ಪಂಡಿತರು ಸನದನ್ನು, ಅಂದರೆ ಹೇಳಿದವರ ಸರಣಿಯನ್ನು, ಒಬ್ಬೊಬ್ಬರಾಗಿ ಪರಿಶೀಲಿಸುವ ಕ್ರಮ ತಿಳಿದವರಿಗೆ ಇದು ಹೊಸದೇನೂ ಅಲ್ಲ.

ಚರಿತ್ರೆಯ ಕವಲಿಗೆ ಶ್ರವಣಬೆಳಗೊಳದ 1368ರ, ವಿಜಯನಗರದ ಅರಸ ಬುಕ್ಕರಾಯನ ಶಾಸನವಿದೆ. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಬಿನ್ನಹ ಮಾಡಿದ ಜೈನರಲ್ಲಿ ಆನೆಗೊಂದಿಯವರ ಹೆಸರೇ ಮೊದಲು. ಭಾಷಣಗಳಲ್ಲಿ ಇದನ್ನು ‘ಸರ್ವಧರ್ಮ ಸಮನ್ವಯ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಶಾಸನ ಅದಕ್ಕಿಂತ ಖಚಿತ: ಜೈನರಿಗೆ ಪಂಚಮಹಾವಾದ್ಯ ಮತ್ತು ಕಳಶದ ಮರ್ಯಾದೆಗಳು ಹಿಂದಿನಂತೆ ಸಲ್ಲಬೇಕು. ವರ್ಷಕ್ಕೆ ಜೈನರ ಮನೆಗೊಂದು ಹಣದಂತೆ (ಆಗಿನ ನಾಣ್ಯ) ಎತ್ತಿ, ಬೆಳಗೊಳದ ದೇವರಿಗೆ 20 ಕಾವಲಿನವರನ್ನು ಇಡಬೇಕು; ಮಿಕ್ಕ ಹಣದಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಬಳಿಸಬೇಕು. ಹಣ ಎತ್ತಿಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವನದೇ. ರಾಜಿ ನಿಂತದ್ದು ದುಡ್ಡು, ಆಳು, ಜವಾಬ್ದಾರಿಗಳ ಲೆಕ್ಕದ ಮೇಲೆ. ಶಾಂತಿ ಸಭೆ ಕರೆಯುವ ನಮ್ಮ ಅಧಿಕಾರಿಗಳು ಇದನ್ನೊಮ್ಮೆ ಓದಬೇಕು.

ಸರ್ಕಾರಿ ಕಾಲೇಜಿನಲ್ಲಿ ಇದನ್ನು ಕಲಿಸಲು ಕಾನೂನಿನ ಅಡ್ಡಿಯಿದೆ ಎಂಬುದು ಸಬೂಬು. ಸಂವಿಧಾನದ 28(1)ನೇ ವಿಧಿ ಪೂರ್ತಿ ಸರ್ಕಾರಿ ಹಣದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಬೇಡ ಎನ್ನುತ್ತದೆ. ಧರ್ಮಗಳ ಬಗ್ಗೆ ಕಲಿಸುವುದು ಬೇರೆ ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರಕ್ಕೆ, ಕ್ರೈಸ್ತ ಧರ್ಮಕ್ಕೆ ವಿಭಾಗಗಳಿವೆ. ವಿಶ್ವವಿದ್ಯಾಲಯ ಶಿಕ್ಷಣ ಕುರಿತ 1948–49ರ ರಾಧಾಕೃಷ್ಣನ್ ಆಯೋಗವಂತೂ ಪದವಿಯ ಮೊದಲ ವರ್ಷ ಧರ್ಮಪುರುಷರ ಜೀವನ, ಎರಡನೇ ವರ್ಷ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೇ ವರ್ಷ ಧರ್ಮದ ತಾತ್ವಿಕ ಪ್ರಶ್ನೆಗಳು ಎಂದು ಕ್ರಮವನ್ನೇ ಹಾಕಿಕೊಟ್ಟಿತ್ತು. ನನ್ನ ಅಭಿಪ್ರಾಯದಲ್ಲಿ ಗ್ರಂಥಭಾಗ ಮೊದಲು ಬರಬೇಕು. ಜೀವನಚರಿತ್ರೆಯಿಂದ ಶುರುಮಾಡಿದರೆ ಪಾಠ ಜಯಂತಿ ಭಾಷಣವಾಗಿಬಿಡುತ್ತದೆ.

ಎಡವುವುದು ನೇಮಕದಲ್ಲಿ. ಹಳಗನ್ನಡ, ಸಂಸ್ಕೃತ, ಪ್ರಾಕೃತ, ಅರಬ್ಬಿ ಇವುಗಳಲ್ಲಿ ಒಂದನ್ನಾದರೂ ಮೂಲದಲ್ಲಿ ಓದಬಲ್ಲವರೇ ಪಾಠ ಮಾಡಬೇಕು. ಸ್ವಂತ ಪಂಥ ಯಾವುದೇ ಇರಲಿ, ಎದುರು ಪಕ್ಷದ ವಾದವನ್ನು ಅವರೇ ಒಪ್ಪುವಂತೆ ಮಂಡಿಸಲು ಬರಬೇಕು. ಪ್ರಶ್ನೆಪತ್ರಿಕೆಯಲ್ಲಿ ‘ಮಹಿಮೆಯನ್ನು ವಿವರಿಸಿ’ ಬೇಡ. ಒಂದೇ ನುಡಿಯ ಎರಡು ಪಾಠಾಂತರಗಳನ್ನು ಕೊಟ್ಟು ಯಾವುದು ಹಳೆಯದು, ಏಕೆ ಎಂದು ಕೇಳಲಿ. ಬಳ್ಳಾರಿ, ರಾಯಚೂರು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಈ ಪತ್ರಿಕೆಯನ್ನು ಐಚ್ಛಿಕವಾಗಿಯಾದರೂ ಸೇರಿಸಲಿ.

– ನಿವೃತ್ತ ಉಪನ್ಯಾಸಕ, ಗಂಗಾವತಿ, ಕೊಪ್ಪಳ ಜಿಲ್ಲೆ