ಬಜೆಟ್ ಚರ್ಚೆಗೆ ಹೊರಟವಳಿಗೆ ದೊಡ್ಡಪ್ಪನ ಕಾಗದ

ಹಿರಿಯೂರು
20 ಏಪ್ರಿಲ್ 2025

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಚರ್ಚಾಸ್ಪರ್ಧೆಗೆಂದು ನೀನು ಬರೆದು ಕಳಿಸಿದ ಭಾಷಣವನ್ನು ಎರಡು ಸಲ ಓದಿದೆ. ಉದ್ಯೋಗ ಮತ್ತು ಸಮಾಜ ಕಲ್ಯಾಣದ ಯೋಜನೆಗಳು ರಾಜ್ಯದ ಬೊಕ್ಕಸಕ್ಕೆ ಭಾರ ಎಂಬ ವಾದವನ್ನು, ಚೀಟಿ ಎತ್ತಿದಾಗ ನಿನ್ನ ಪಾಲಿಗೆ ಬಂದಿತೆಂದು, ಹಿಡಿದಿದ್ದೀಯೆ. ಅದಕ್ಕೆ ನನ್ನ ತಕರಾರಿಲ್ಲ. ವಕೀಲಳಾಗುವವಳು ಯಾವ ಪಕ್ಷವನ್ನಾದರೂ ಹಿಡಿಯಬೇಕಾದೀತು. ಆದರೆ ಮೊದಲ ಪುಟದಲ್ಲೇ 'ಬಿಟ್ಟಿ' ಎಂಬ ಮಾತು ಏಳು ಕಡೆ ಬಂದಿದೆ, ಅಂಕಿ ಒಂದೂ ಬಂದಿಲ್ಲ.

ಬಿಟ್ಟಿ ಎಂದರೆ ಮೂಲದಲ್ಲಿ ಏನೆಂದು ಗೊತ್ತೇ? ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. 'ಬಿಟ್ಟಿ ಚಾಕರಿ' ಎಂದು ಈಗಲೂ ಅನ್ನುತ್ತೇವಲ್ಲ, ಅದೇ. ಬಡವರು ಉಳ್ಳವರಿಗೆ ಕೊಟ್ಟದ್ದಕ್ಕಿದ್ದ ಹೆಸರನ್ನು ನಾವೀಗ ಸರ್ಕಾರ ಬಡವರಿಗೆ ಕೊಡುವುದಕ್ಕೆ ಅಂಟಿಸಿಬಿಟ್ಟಿದ್ದೇವೆ. ನನ್ನ ಪಿಂಚಣಿಯೂ ಅದೇ ಖಜಾನೆಯಿಂದ ತಿಂಗಳು ತಿಂಗಳೂ ಬರುತ್ತದೆ; ಅದನ್ನು ಇಲ್ಲಿಯವರೆಗೆ ಯಾರೂ ಬಿಟ್ಟಿ ಎಂದಿಲ್ಲ. ಆದ್ದರಿಂದ ಆ ಮಾತನ್ನು ಏಳು ಕಡೆಯೂ ಹೊಡೆದುಹಾಕಿ, ಅಲ್ಲಿ ಲೆಕ್ಕ ಇಡು.

ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ತೆಗೆದಿರಿಸಿರುವುದು 51,034 ಕೋಟಿ. ನಮ್ಮ ಕಾಲದ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಗೆ ಎರಡಾಣೆ. ಆ ಎರಡಾಣೆಯಲ್ಲಿ ಅರ್ಧಕ್ಕಿಂತ ಹೆಚ್ಚು, 28,608 ಕೋಟಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಗೇ ಹೋಗುತ್ತದೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ಕೊಡುವ ಯುವನಿಧಿಗೆ ಸಿಕ್ಕಿರುವುದು 286 ಕೋಟಿ. ಉದ್ಯೋಗಕ್ಕೆ ಅತಿಯಾಗಿ ಸುರಿಯುತ್ತಿದ್ದಾರೆಂದು ನೀನು ಹೇಳಹೊರಟರೆ ಈ ಅಂಕಿಯೇ ನಿನ್ನ ಬಾಯಿ ಮುಚ್ಚಿಸುತ್ತದೆ.

ನಿನಗೆ ನಿಜವಾದ ಅಸ್ತ್ರ ಬೇಕಿದ್ದರೆ ಅದು ಬೇರೆ ಕಡೆ ಇದೆ. ಆರ್ಥಿಕ ಶಿಸ್ತಿಗಾಗಿ ದೇಶದಲ್ಲೇ ಮೊದಲು ಕಾನೂನು ಮಾಡಿಕೊಂಡ ರಾಜ್ಯ ನಮ್ಮದು. 2002ರ ಆ ವಿತ್ತೀಯ ಹೊಣೆಗಾರಿಕೆ ಅಧಿನಿಯಮದ ಪ್ರಕಾರ ವಿತ್ತೀಯ ಕೊರತೆ (ಆ ವರ್ಷ ಸಾಲದಿಂದ ತುಂಬಬೇಕಾದ ಮೊತ್ತ) ರಾಜ್ಯದ ಆಂತರಿಕ ಉತ್ಪನ್ನದ ಶೇ. 3ರೊಳಗೆ, ಒಟ್ಟು ಹೊಣೆಗಾರಿಕೆ (ತೀರಿಸಬೇಕಾದ ಒಟ್ಟು ಸಾಲ) ಶೇ. 25ರೊಳಗೆ ಇರಬೇಕು, ರಾಜಸ್ವ ಕೊರತೆ (ದಿನನಿತ್ಯದ ಖರ್ಚಿಗೆ ಆದಾಯ ಸಾಲದಿರುವುದು) ಇರಲೇಕೂಡದು. ಈ ಸಲ ಮೊದಲನೆಯದು 2.95, ಎರಡನೆಯದು 24.91, ಎರಡೂ ಗೆರೆಯ ಅಂಚಿಗೆ ಬಂದು ನಿಂತಿವೆ. ಮೂರನೆಯ ಮಾತಂತೂ ಉಳಿದಿಲ್ಲ, ರಾಜಸ್ವ ಕೊರತೆ 19,262 ಕೋಟಿ. ದಿನಸಿಗೆ ಸಾಲ ಮಾಡುವ ಮನೆಯಂತಾಗಿದೆ ಸ್ಥಿತಿ. ಕೊಡುವುದು ತಪ್ಪೆಂದು ನಾನು ಹೇಳಲಾರೆ, ಆದರೆ ಕೊಡುವುದಕ್ಕೆ ಯಾರಿಂದ ತೆಗೆದುಕೊಳ್ಳುತ್ತೇವೆಂದು ಬಾಯಿಬಿಟ್ಟು ಹೇಳದಿರುವುದು ತಪ್ಪು. ಮಹಾರಾಷ್ಟ್ರದವರು 1972-73ರ ಭೀಕರ ಬರದ ನಂತರ ಉದ್ಯೋಗ ಖಾತ್ರಿಯನ್ನು ನೆಲೆಗೊಳಿಸುವಾಗ ಅದಕ್ಕೆಂದೇ 1975ರಲ್ಲಿ ವೃತ್ತಿ ತೆರಿಗೆಯ ಕಾನೂನು ತಂದರು. ಮುಂಬಯಿಯ ಸಂಬಳದಾರ ಹಳ್ಳಿಯ ಕೂಲಿಕಾರನಿಗೆ ಕೊಡುತ್ತಿದ್ದಾನೆಂಬುದು ಅಲ್ಲಿ ಕಾನೂನಿನಲ್ಲೇ ಸ್ಪಷ್ಟವಿತ್ತು. ಆ ನೇರವಂತಿಕೆ ನಮ್ಮಲ್ಲಿ ಎಲ್ಲಿದೆ ಎಂದು ಕೇಳು. ಆಳುವ ಪಕ್ಷಕ್ಕೆ ಮಾತ್ರವಲ್ಲ, ಅಧಿಕಾರಕ್ಕೆ ಬಂದರೆ ಗ್ಯಾರಂಟಿಗಳನ್ನು ನಿಲ್ಲಿಸುವುದಾಗಿ ಹೇಳಲು ಎದೆಗಾರಿಕೆ ಇಲ್ಲದ ಪಕ್ಷಗಳಿಗೂ ಕೇಳು.

ಇನ್ನು ನಿನ್ನ ಭಾಷಣದ ದೊಡ್ಡ ತೂತು. ಕೇಂದ್ರದ ಉದ್ಯೋಗ ಖಾತ್ರಿಯನ್ನು (ನರೇಗಾ) ನೀನು ರಾಜ್ಯದ ಭಾರದ ಪಟ್ಟಿಗೆ ಸೇರಿಸಿದ್ದೀಯೆ. ಎದುರಾಳಿ ಅಲ್ಲೇ ಹಿಡಿಯುತ್ತಾನೆ, ಏಕೆಂದರೆ 2005ರ ಆ ಕಾಯ್ದೆಯಡಿ ಅಕುಶಲ ಕೂಲಿಯ ಪೂರ್ತಿ ಹಣ ಕೊಡುವುದು ಕೇಂದ್ರ ಸರ್ಕಾರ. ರಾಜ್ಯದ ಪಾಲು ಸಾಮಗ್ರಿ ವೆಚ್ಚದಲ್ಲಿ ನಾಲ್ಕನೆಯ ಒಂದಂಶ. ರಾಜ್ಯ ತನ್ನ ಜೇಬಿನಿಂದಲೇ ಕೊಡಬೇಕಾದದ್ದು ಇನ್ನೊಂದಿದೆ. ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡಲಾಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಈ ಏಪ್ರಿಲ್‌ನಿಂದ ನಮ್ಮಲ್ಲಿ ದಿನಗೂಲಿ 370 ರೂಪಾಯಿ; ನೀನೇ ಲೆಕ್ಕ ಹಾಕಿಕೊ. ಈ ಹೊರೆಯಿಂದ ತಪ್ಪಿಸಿಕೊಳ್ಳುವ ದಾರಿ ಬಹಳ ಸುಲಭ. ಕೂಲಿಕಾರರು ನಮೂನೆ 6ರಲ್ಲಿ ಕೆಲಸ ಕೇಳಿ ಅರ್ಜಿ ಕೊಟ್ಟಾಗ ತಾರೀಖು ಹಾಕಿದ ಸ್ವೀಕೃತಿ ಚೀಟಿಯನ್ನು ಕೊಡದಿದ್ದರಾಯಿತು. ತಾರೀಖಿಲ್ಲದ ಮೇಲೆ 15 ದಿನವನ್ನು ಯಾವತ್ತಿನಿಂದ ಎಣಿಸುವುದು? ಸಂಸತ್ತು ಕೊಟ್ಟ ಹಕ್ಕು ಪಂಚಾಯಿತಿಯ ಕಿಟಕಿಯಲ್ಲಿ ಒಂದು ರಬ್ಬರ್ ಮೊಹರಿಗೆ ಸಿಕ್ಕಿಕೊಂಡು ನಿಲ್ಲುತ್ತದೆ.

ಇದನ್ನೆಲ್ಲ ದೂರದಿಂದ ಕಂಡವನಂತೆ ಬರೆಯುತ್ತಿದ್ದೇನೆ, ಹಾಗೇನೂ ಅಲ್ಲ. ನಾನು ಲೆಕ್ಕಪತ್ರದ ಮೇಜಿನಲ್ಲಿದ್ದಾಗ ಒಂದು ಕೆರೆಯ ಹೂಳೆತ್ತಿದ ಕೆಲಸದ ಕಡತ ಬಂತು. ಎನ್‌ಎಂಆರ್, ಅಂದರೆ ಕೂಲಿಕಾರರ ಹಾಜರಿ ಪಟ್ಟಿ, ಸರಿಯಿತ್ತು, ಹೆಬ್ಬೆಟ್ಟುಗಳೆಲ್ಲ ಇದ್ದವು, ಮಾಡಿದ ಕೆಲಸವನ್ನು ದಾಖಲಿಸುವ ಅಳತೆ ಪುಸ್ತಕದ ಪುಟಸಂಖ್ಯೆಯೊಂದನ್ನು ಮಾತ್ರ ಬರೆದಿರಲಿಲ್ಲ. ಜೆಸಿಬಿಯಲ್ಲಿ ಕೆಲಸ ಮುಗಿಸಿ ಹಾಜರಿಯಲ್ಲಿ ಜನರ ಹೆಸರು ತುಂಬಿದ ಬಿಲ್ಲುಗಳನ್ನು ಬೇಕಾದಷ್ಟು ಕಂಡಿದ್ದ ನಾನು, ಇದೂ ಹಾಗೆಯೇ ಇರಬಹುದೆಂದು ಆಕ್ಷೇಪಣೆ ಬರೆದು ಕಡತವನ್ನು ವಾಪಸು ಕಳಿಸಿದೆ. ಅದು ಹೋಗಿ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಒಂದು ಮಧ್ಯಾಹ್ನ ಆ ಊರಿನ ಹೆಂಗಸೊಬ್ಬಳು ಬಂದು, ಏನೂ ಮಾತನಾಡದೆ, ಜಾಬ್ ಕಾರ್ಡನ್ನು ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ತನ್ನ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಇಟ್ಟಳು. ಬುಟ್ಟಿ ಎತ್ತಿದ ಬೊಬ್ಬೆಗಳು ಒಣಗಿ ಕಪ್ಪಾಗಿದ್ದವು. ಯಂತ್ರದ ಕೆಲಸವಲ್ಲ ಅದು ಎಂಬುದಕ್ಕೆ ಬೇರೆ ಅಳತೆ ಬೇಕಿರಲಿಲ್ಲ. ನನ್ನ ಆಕ್ಷೇಪಣೆ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಫೋನು ಮಾಡಿ ಅರ್ಧ ಗಂಟೆಯಲ್ಲಿ ಆ ಪುಟಸಂಖ್ಯೆಯನ್ನು ಬರೆಸಿಕೊಳ್ಳಬಹುದಿತ್ತು ಎಂಬುದೂ ಅಷ್ಟೇ ಸರಿ.

ಹಾಗಾಗಿ ನಿನಗೆ ನನ್ನ ಸಲಹೆ ಒಂದೇ, ಮಗಳೇ. ಆಯವ್ಯಯದ ಪುಸ್ತಕದಲ್ಲಿರುವ ಅಂಕಿ ಎಷ್ಟು ದೊಡ್ಡದು ಎಂಬಲ್ಲಿಗೆ ನಿನ್ನ ವಾದವನ್ನು ನಿಲ್ಲಿಸಬೇಡ. ಆ ಹಣ ಯಾರಿಂದ ಹೊರಟು, ಯಾವ ಮೇಜಿನಲ್ಲಿ ಎಷ್ಟು ದಿನ ಕೂತು, ಯಾರ ಕೈಗೆ ಯಾವಾಗ ತಲುಪಿತು ಎಂಬುದನ್ನು ಬೆನ್ನುಹತ್ತು. ಶಕ್ತಿ ಯೋಜನೆಯ ಬಗ್ಗೆ ಮಾತನಾಡುವಾಗಲೂ ಹಾಗೆಯೇ. ಮಹಿಳೆಯರು ಶೂನ್ಯ ಟಿಕೆಟ್ ಹಿಡಿದು ಪ್ರಯಾಣ ಮಾಡಿದ್ದನ್ನು ಹಂಗಿಸುವ ಬದಲು, ಆ ಟಿಕೆಟ್ಟಿನ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ಸಕಾಲಕ್ಕೆ ತುಂಬಿಕೊಡುತ್ತಿದೆಯೇ, ಜನವರಿಯಲ್ಲಿ ಏರಿದ ಶೇ. 15ರ ಪ್ರಯಾಣದರವನ್ನು ತೆರುವವರು ಯಾರು ಎಂದು ಕೇಳು. ನಿನ್ನ ಪಕ್ಷಕ್ಕೆ ಅದರಿಂದ ಬಲ ಬರುತ್ತದೆ, ಯಾರ ಮಾನವೂ ಹೋಗುವುದಿಲ್ಲ.

ಮುಂದಿನ ಭಾನುವಾರ ಬಿಡುವಿದ್ದರೆ ಊರಿಗೆ ಬಂದು ಹೋಗು. ನಮ್ಮ ತೋಟದ ಆಚೆಗಿನ ಬದು ಕೆಲಸಕ್ಕೆ ಅರ್ಜಿ ಕೊಟ್ಟ ಐವರು ಹೆಂಗಸರು ತಮ್ಮ ಸ್ವೀಕೃತಿ ಚೀಟಿಗಳನ್ನು ಓದಿಸಿಕೊಳ್ಳಲು ನನ್ನ ಬಳಿ ತಂದಿದ್ದರು. ಮೂವರ ಚೀಟಿಯಲ್ಲಿ ತಾರೀಖಿಲ್ಲ. ಸೋಮವಾರ ಬೆಳಿಗ್ಗೆ ಅವರ ಜೊತೆ ಪಂಚಾಯಿತಿಗೆ ಹೋಗಬೇಕೆಂದಿದ್ದೇನೆ, ನೀನೂ ಬಂದರೆ ಅರ್ಜಿಯನ್ನು ನಿನ್ನ ಕೈಯಲ್ಲೇ ಬರೆಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ