ಸೆರಾಮಿಕ್ ಎಂಜಿನ್: ತಡೆದ ಬಿಸಿ ಹೋಗುವುದೆಲ್ಲಿಗೆ?

ಸಂಪಾದಕರೇ,

ಲೋಹದ ಬದಲು, ಬಿಸಿ ತಾಳಿಕೊಳ್ಳುವ ಸೆರಾಮಿಕ್‌ನಿಂದ ಮಾಡಿದ ಎಂಜಿನ್ ಬಂದರೆ ಅದನ್ನು ತಣಿಸಬೇಕಿಲ್ಲ, ಕಾರಿಗೆ ರೇಡಿಯೇಟರೇ ಬೇಡ, ಮೈಲೇಜ್ ತಾನಾಗಿಯೇ ಏರುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕವೇನೋ ಚೆನ್ನಾಗಿದೆ. ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಎಂಜಿನ್ ತಣಿಸುವ ದ್ರವಕ್ಕೆ, ಅಂದರೆ ಕೂಲಂಟ್‌ಗೆ, ಹೋಗುತ್ತದೆ, ಅಷ್ಟೇ ಪಾಲು ಹೊಗೆಯ ಜೊತೆ ಹೊರಗೆ. ಕೂಲಂಟ್ ಪಾಲನ್ನು ತಡೆದರೆ ಅದೆಲ್ಲ ಚಕ್ರಕ್ಕೆ ಸಿಗಬೇಕಲ್ವಾ?

ಸಿಗುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಕಮಿನ್ಸ್ ಕಂಪನಿ ಅಲ್ಲಿನ ಸೇನೆಯ ಜೊತೆ ಸೇರಿ, ಕೂಲಿಂಗೇ ಇಲ್ಲದ ಡೀಸೆಲ್ ಎಂಜಿನ್ ಮಾಡಿ ಟ್ರಕ್ಕಿಗೆ ಕೂರಿಸಿ ಓಡಿಸಿತ್ತು. ಇಂಥ ಎಂಜಿನ್ನಿನಲ್ಲಿ ತಡೆದ ಬಿಸಿಯಲ್ಲಿ ಪಿಸ್ಟನ್ ತಳ್ಳಲು ಸಿಗುವುದು ಸ್ವಲ್ಪ. ಉಳಿದದ್ದು ಹೊಗೆಯ ದಾರಿ ಹಿಡಿಯುತ್ತದೆ. ಅದನ್ನು ಹಿಡಿಯಲು ಹೊಗೆಯ ರಭಸಕ್ಕೆ ತಿರುಗುವ ಇನ್ನೊಂದು ಟರ್ಬೈನ್ ಬೇಕು. ದೊಡ್ಡ ಲಾರಿಗಾದರೆ ಸರಿ, ಸಣ್ಣ ಕಾರಿಗೆ ಅದು ದುಬಾರಿ ಬಾಲ. ಸಿಲಿಂಡರ್ ಗೋಡೆ ಸದಾ ಕಾದಿದ್ದರೆ ಒಳಬರುವ ಗಾಳಿ ಹಿಗ್ಗಿ ಕಡಿಮೆ ತುಂಬುತ್ತದೆ. ಪೆಟ್ರೋಲ್ ಎಂಜಿನ್ನಾದರೆ ಇಂಧನ ಬಿಸಿಗೆ ತಾನಾಗಿಯೇ ಹೊತ್ತಿ ಬಡಿಯುವ ನಾಕಿಂಗ್ ಬೇರೆ.

ಹಾಗಂತ ಸೆರಾಮಿಕ್ಕೇ ದಂಡ ಎನ್ನುತ್ತಿಲ್ಲ. ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್ ತೂಕದಲ್ಲಿ ಉಕ್ಕಿನ ಅರ್ಧಕ್ಕಿಂತ ಕಡಿಮೆ, 1,000 ಡಿಗ್ರಿ ಸೆಲ್ಸಿಯಸ್‌ನಲ್ಲೂ ಗಟ್ಟಿ. ನಿಸ್ಸಾನ್ 1985ರಲ್ಲೇ ಇದರಿಂದ ಟರ್ಬೊ ಚಕ್ರ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿಸುವ ಚಕ್ರ) ಮಾಡಿ ಕಾರಿಗೆ ಹಾಕಿತು. ಹಗುರವಾದ್ದರಿಂದ ಬೇಗ ವೇಗ ಹಿಡಿಯುತ್ತಿತ್ತು. ಆದರೆ ಮಾಲೀಕರು ಹುಮ್ಮಸ್ಸಿನಲ್ಲಿ ಬೂಸ್ಟ್, ಅಂದರೆ ಗಾಳಿ ತುಂಬುವ ಒತ್ತಡ, ಜಾಸ್ತಿ ಮಾಡಿದಾಗ ಮುರಿದದ್ದೂ ಉಂಟು. ಲೋಹ ಬಾಗಿ ಮುನ್ಸೂಚನೆ ಕೊಡುತ್ತದೆ. ಸೆರಾಮಿಕ್ಕಿನಲ್ಲಿ ಕಣ್ಣಿಗೆ ಕಾಣದ ಒಂದು ತೂತಿದ್ದರೂ ಸಾಕು, ಅಲ್ಲಿಂದ ಬಿರುಕು ಹರಿದು ಒಂದೇ ಸಲಕ್ಕೆ ಕೈಕೊಡುತ್ತದೆ.

ನನಗೆ ಜಾಣತನ ಕಾಣುವುದು ಟೊಯೋಟಾ ಹಿಡಿದ ದಾರಿಯಲ್ಲಿ. 2015ರ ತನ್ನ ಡೀಸೆಲ್ ಎಂಜಿನ್ನಿನಲ್ಲಿ ಅದು ಅಲ್ಯೂಮಿನಿಯಂ ಪಿಸ್ಟನ್ನನ್ನು ಹಾಗೆಯೇ ಉಳಿಸಿಕೊಂಡು, ಅದರ ತಲೆಗೆ ಮಾತ್ರ ಸಿಲಿಕಾ (ಮರಳಿನಲ್ಲಿರುವ ವಸ್ತು) ತುಂಬಿದ ತೆಳು ಪದರ ಕೊಟ್ಟಿತು. ತುಂಬ ಸಣ್ಣ ರಂಧ್ರಗಳಿರುವ ಪದರ ಅದು. ಒಳಗೆ ಬೆಂಕಿ ಹೊತ್ತಿದಾಗ ತಕ್ಷಣ ಕಾಯುತ್ತದೆ, ಗಾಳಿ ಬಂದಾಗ ತಕ್ಷಣ ತಣಿಯುತ್ತದೆ. ಗೋಡೆ ಸದಾ ಕಾದಿರುವ ತಾಪತ್ರಯವೇ ಇಲ್ಲ. ಇಂಧನ ಉರಿಯುವಾಗ ಗೋಡೆಗೆ ಸೋರುವ ಬಿಸಿ ಶೇ 30ರವರೆಗೆ ಕಡಿಮೆಯಾಗುತ್ತದೆ ಎಂದು ಕಂಪನಿ ಹೇಳಿಕೊಂಡಿದೆ.

ಸಂಶೋಧನೆಯ ಹಣ ಇಂಥ ಪದರಗಳಿಗೆ, ವಾಲ್ವ್‌ಗಳಿಗೆ, ಟರ್ಬೊ ಚಕ್ರಗಳಿಗೆ ಹೋಗಲಿ. ಇಡೀ ಎಂಜಿನ್ನನ್ನೇ ಸೆರಾಮಿಕ್‌ನಲ್ಲಿ ಮಾಡಿದ್ದೇವೆ ಎಂದು ಯಾರಾದರೂ ಮೈಲೇಜ್ ಅಂಕಿ ಹಿಡಿದು ಬಂದರೆ, ಹೊಗೆಯ ಬಿಸಿ ಎಷ್ಟು ಏರಿತು, ಎಷ್ಟು ಗಂಟೆ ಓಡಿಸಿ ನೋಡಿದ್ದೀರಿ ಎಂದು ನಿಮ್ಮ ವರದಿಗಾರರು ಕೇಳಲಿ.

– ಒಬ್ಬ ಓದುಗ