ದಿನಾ ಗುಳಿಗಿ ನುಂಗಿದ್ರೂ ಬಿಪಿ ಯಾಕ ಇಳೀವಲ್ದು?

ಮಾನ್ಯ ಸಂಪಾದಕರೇ,

ನಮ್ಮವ್ವಗ 66 ವರ್ಷ, ಮಗ್ಗದ ಮುಂದ ಕುಂತು ಕುಂತು ಮಣಕಾಲು ಹೋಗ್ಯಾವ. ಬಿಪಿ ಗುಳಿಗಿ ಒಂದಿನಾನೂ ತಪ್ಪಿಸಿದಾಕಿ ಅಲ್ಲ, ಆದ್ರೂ ದವಾಖಾನಿಗೆ ಹೋದಾಗೆಲ್ಲಾ 170/96, 168/100. ಮೊದ್ಲ ಬಿಪಿಗೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಗುಳಿಗಿ ಒಂದ ಇತ್ತು, ಆಮ್ಯಾಲೆ ಟೆಲ್ಮಿಸಾರ್ಟನ್ 40 ಕೂಡಿಸಿದ್ರು, ಅದೂ ಸಾಲದ 80 ಆತು. ಪ್ರತಿ ಸಲ ಅದ ಮಾತು, ಟೆನ್ಶನ್ ಮಾಡ್ಕೋಬ್ಯಾಡ್ರಿ ಅಜ್ಜಿ, ಮುಂದಿನವ್ರು ಬರ್ರಿ.

ಹೋದ ಸಲ ಹೊಸಾ ಡಾಕ್ಟರು, ವಯಸ್ಸು ಸಣ್ಣದು, "ಬ್ಯಾರೆ ಏನಾರ ಗುಳಿಗಿ ತೊಗೋತೀರೇನ್ರಿ ಅಜ್ಜಿ" ಅಂತ ಕೇಳಿದ್ರು ನೋಡ್ರಿ, ಅವ್ವ ಎಲಿಅಡಕಿ ಸಂಚಿಗೆ ಕೈ ಹಾಕಿ ಸುಣ್ಣ ಹತ್ತಿದ ಒಂದು ಪಟ್ಟಿ ತಗದ್ಲು. ಡೈಕ್ಲೋಫೆನಾಕ್, ನೋವಿನ ಗುಳಿಗಿ. ದಿನಾ ಎರಡು! ಓಣ್ಯಾಗಿನ ಮೆಡಿಕಲ್ ಅಂಗಡಿಯಾಗ "ಆ ಕಾಲ್ನೋವಿಂದು ಕೊಡಪಾ" ಅಂದ್ರ ಮುಗೀತು, ಚೀಟಿ ಕೇಳೋರ ಇಲ್ಲ, ಅದು ಶೆಡ್ಯೂಲ್ ಎಚ್ ಔಷಧ, ಚೀಟಿ ಇಲ್ದ ಮಾರಂಗಿಲ್ಲ ಅಂತ ಪಟ್ಟಿ ಮ್ಯಾಗ ಅಚ್ಚಾಗಿರತೈತಿ. ಒಂದ ಮನ್ಯಾಗಿದ್ದ ನನಗೂ ಗೊತ್ತಿರ್ಲಿಲ್ಲ, ನಾಚಿಕಿ ಆತು. ಈ ನೋವಿನ ಗುಳಿಗಿ ಮೈಯಾಗ ಉಪ್ಪು ನೀರು ತಡದು ಹಿಡೀತಾವು, ಬಿಪಿ ಏರಸ್ತಾವು, ಟೆಲ್ಮಿಸಾರ್ಟನ್ ಮಾಡೋ ಕೆಲಸಾನೂ ಕೆಡಸ್ತಾವು, ಕಿಡ್ನಿಗೂ ತ್ರಾಸು. ಎತ್ತು ಏರಿಗೆಳದ್ರ ಕೋಣ ನೀರಿಗೆಳದಂಗ. ಡಾಕ್ಟರು ಅದನ್ನ ಬಿಡಿಸಿ ಹಚ್ಚೋ ಮುಲಾಮು, ಕಾಲಿನ ವ್ಯಾಯಾಮ ಹೇಳಿದ್ರು, ಮೂರು ವಾರಕ್ಕ 142/86ಕ್ಕ ಬಂತು. ನೋವು ಪೂರ್ತಿ ಹೋಗಿಲ್ಲ ಬಿಡ್ರಿ, ದಿನಾ ನನಗ ಬೈತಾಳ.

ಇನ್ನ ಬಿಪಿ ನೋಡೋ ರೀತಿ. ಬಸ್ ಇಳದು ತೇಕ್ಕೊಂತ ಬಂದಾಕಿನ್ನ ಸ್ಟೂಲ್ ಮ್ಯಾಲೆ ಕುಂದ್ರಿಸಿ ಕುಬಸದ ತೋಳಿನ ಮ್ಯಾಗ ಪಟ್ಟಿ ಸುತ್ತಿ, ಕೈ ಜೋತಾಡ್ಲಿಕ್ಕೆ ಬಿಟ್ಟು, ನಡುವ ಆಧಾರ್ ಕಾರ್ಡ್ ಎಲ್ಲೈತ್ರಿ ಅಂತ ಮಾತಾಡಸ್ಕೊಂತ ನೋಡಿದ್ರ ಜಾಸ್ತಿ ತೋರಿಸ್ದ ಇನ್ನೇನ್ ತೋರಸ್ತೈತಿ? ಐದು ಮಿನಿಟು ಸುಮ್ನ ಕುಂದ್ರಿಸಿ, ಬೆನ್ನಿಗೆ ಆಸರ ಕೊಟ್ಟು, ಕೈ ಎದಿ ಮಟ್ಟಕ್ಕ ಟೇಬಲ್ ಮ್ಯಾಗಿಟ್ಟು ಎರಡು ಸಲ ನೋಡಬೇಕು.

ಉಪ್ಪಿಂದು ನಮ್ಮ ತಪ್ಪೂ ಐತಿ. ದಿನಕ್ಕ ಒಬ್ಬರಿಗೆ 5 ಗ್ರಾಂ ಒಳಗ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ, ನಾವು ನಾಲ್ಕು ಮಂದಿಗೆ ತಿಂಗಳಿಗೆ 600 ಗ್ರಾಂ ಆತು, ನಮ್ಮನ್ಯಾಗ ಎರಡು ಕೆಜಿ ಪಾಕೀಟು ಖಾಲಿ, ಉಪ್ಪಿನಕಾಯಿ ಹಪ್ಪಳ ಬ್ಯಾರೆ.

ಸರಕಾರಿ ದವಾಖಾನಿಯವ್ರಿಗೆ, ಖಾಸಗಿಯವ್ರಿಗೂ ನನ್ನ ವಿನಂತಿ ಇಷ್ಟ: ಗುಳಿಗಿ ಡೋಸ್ ಏರಸೋಕಿಂತ ಮೊದ್ಲ ಆ ಒಂದು ಪ್ರಶ್ನೆ ಕೇಳ್ರಿ, ಸಂಚಿ ಬಿಚ್ಚಸ್ರಿ. ಮತ್ತ ಹತ್ತತ್ತು ದಿನದ ಗುಳಿಗಿ ಕೊಟ್ಟು ಓಡಾಡಸ್ಬ್ಯಾಡ್ರಿ, 30 ದಿನದ್ದು ಒಮ್ಮೆ ಕೊಡ್ರಿ, ಮಗ್ಗ ಬಿಟ್ಟು ಬಂದ್ರ ಆ ದಿನದ ಕೂಲಿ ಹೋಗತೈತಿ.

– ಒಬ್ಬ ಓದುಗ, ಬೆಟಗೇರಿ, ಗದಗ